ಮ್ಯಾಸಿಡೋನಿಯಾಕ್ಕೆ ಸಿಕ್ಕ ‘ಉತ್ತರ’

ಅಪ್ಪನ ಕಬ್ಬಿಣದ ಟ್ರಂಕಿನ ತಳದಲ್ಲಿ ಒಂದು ಪ್ಲಾಸ್ಟಿಕ್ ಚೀಲವಿದೆ. ಅದರಲ್ಲಿರುವ ಜನನ ಪತ್ರದ ಪ್ರಕಾರ ಅವರು ಹುಟ್ಟಿದ್ದು 1948ರಲ್ಲಿ, ಬಾಂಬೆ ಪ್ರಾಂತ್ಯದ ಬೆಳಗಾಂ ಜಿಲ್ಲೆಯಲ್ಲಿ. ಮೆಟ್ರಿಕ್ ಪಾಸಾದ ಪ್ರಮಾಣಪತ್ರ ಕೊಟ್ಟಿದ್ದು ಮೈಸೂರು ರಾಜ್ಯ. ನಿವೃತ್ತಿಯ ಆದೇಶದ ನೆತ್ತಿಯ ಮೇಲಿರುವುದು ಕರ್ನಾಟಕ ಸರ್ಕಾರದ ಗಂಡಭೇರುಂಡ. ಆಧಾರ್ ಕಾರ್ಡಿನಲ್ಲಿ ಊರು ಬೆಳಗಾವಿ. ಇಷ್ಟೆಲ್ಲ ಆಗುವ ಹೊತ್ತಿಗೆ ಅವರು ಮನೆ ಬದಲಿಸಿದ್ದು ಒಂದೇ ಸಲ, ಅದೂ ಅದೇ ಗಲ್ಲಿಯಲ್ಲಿ ನಾಲ್ಕು ಮನೆ ಆಚೆಗೆ.

ಕೆಲವು ವರ್ಷಗಳ ಹಿಂದೆ ಯಾವುದೋ ಕಡತದ ಕೆಲಸಕ್ಕೆ ಹೋದಾಗ ಒಂದು ಕಚೇರಿಯ ಗುಮಾಸ್ತರು ಈ ಕಾಗದಗಳನ್ನೆಲ್ಲ ಸಾಲಾಗಿ ಜೋಡಿಸಿ ನೋಡಿ, ‘ಊರಿನ ಹೆಸರು ತಾಳೆಯಾಗುತ್ತಿಲ್ಲ’ ಎಂದರು. ಅಪ್ಪ ನೋಟರಿಯ ಮುಂದೆ ಕುಳಿತು, ಛಾಪಾ ಕಾಗದದ ಮೇಲೆ, ಬೆಳಗಾಂ ಮತ್ತು ಬೆಳಗಾವಿ ಒಂದೇ ಊರು ಎಂದು ಪ್ರಮಾಣ ಮಾಡಿ ಬಂದರು. ‘ನಾನು ಹುಟ್ಟಿದ್ದೇನೆ ಎಂಬುದನ್ನು ನಂಬಿದರು, ಊರನ್ನು ನಂಬಲಿಲ್ಲ’ ಎಂದು ಇವತ್ತಿಗೂ ಹೇಳುತ್ತಾರೆ.

ಇಂಥದೇ ಒಂದು ಚೀಲ ಆಗ್ನೇಯ ಯುರೋಪಿನ ಸ್ಕೋಪ್ಯೆ ಎಂಬ ನಗರದ ಹಳೆಯ ಮನೆಗಳಲ್ಲೂ ಸಿಕ್ಕೀತು. ಮುತ್ತಜ್ಜ ಆಟೊಮನ್ ಸುಲ್ತಾನನ ಪ್ರಜೆ. ಅಜ್ಜ ಹುಟ್ಟುವಾಗ ಅದು ಸರ್ಬಿಯಾದ ಅರಸರ ಕೈಯಲ್ಲಿದ್ದ ನೆಲ. ಎರಡನೇ ಮಹಾಯುದ್ಧದಲ್ಲಿ ಬಲ್ಗೇರಿಯಾದ ಸೇನೆ ಬಂದು ಕುಳಿತಿತು. ಯುದ್ಧ ಮುಗಿದ ಮೇಲೆ ಸಮಾಜವಾದಿ ಯುಗೊಸ್ಲಾವಿಯಾ. 1991ರಲ್ಲಿ ಮ್ಯಾಸಿಡೋನಿಯಾ ಗಣರಾಜ್ಯ. 2019ರ ಫೆಬ್ರುವರಿಯಿಂದ ಉತ್ತರ ಮ್ಯಾಸಿಡೋನಿಯಾ ಗಣರಾಜ್ಯ. 2024ರ ಫೆಬ್ರುವರಿ 12ರ ನಂತರ ಹಳೆಯ ಹೆಸರಿನ ಪಾಸ್‌ಪೋರ್ಟುಗಳು ನಡೆಯುವುದಿಲ್ಲ ಎಂದಾದಾಗ, ಹೊಸದಕ್ಕಾಗಿ ಅಲ್ಲಿನ ಕಚೇರಿಗಳ ಮುಂದೆ ಉದ್ದನೆಯ ಸಾಲು ನಿಂತಿತು. ಹದಿನೆಂಟು ಲಕ್ಷ ಚಿಲ್ಲರೆ ಜನರ ದೇಶ ಅದು, ಸ್ಕೋಪ್ಯೆ ಅದರ ರಾಜಧಾನಿ. ನಮ್ಮ ಬೆಳಗಾವಿ ಜಿಲ್ಲೆಯೊಂದರಲ್ಲೇ ಅದರ ಎರಡೂವರೆ ಪಟ್ಟು ಜನರಿದ್ದಾರೆ.

ಆ ಸಣ್ಣ ದೇಶ ತನ್ನನ್ನು ತಾನು ಏನೆಂದು ಕರೆದುಕೊಳ್ಳಬೇಕು ಎಂಬ ಪ್ರಶ್ನೆ ಪಕ್ಕದ ಗ್ರೀಸಿನೊಂದಿಗೆ 27 ವರ್ಷ ಜಗಳವಾಗಿ ನಡೆಯಿತು. ಅದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಪಕ್ಕದ ಬಲ್ಗೇರಿಯಾದೊಂದಿಗೆ ಬೇರೆಯದೇ ಜಗಳ ಮೇಲೆ ಬಂತು. ಮೊದಲನೆಯದು ಹೆಸರಿನದು, ಎರಡನೆಯದು ಪೂರ್ವಜರದು. ದೂರದಿಂದ ಎರಡೂ ಒಂದೇ ಎಂದು ಕಾಣುತ್ತವೆ. ಆದರೆ ಒಂದು ಬಗೆಹರಿದು ಇನ್ನೊಂದು ಯಾಕೆ ಸಿಕ್ಕಿಹಾಕಿಕೊಂಡಿದೆ ಎಂಬುದರಲ್ಲೇ ಇಡೀ ಕಥೆಯ ಸ್ವಾರಸ್ಯವಿದೆ. ಗಡಿಯ ಊರಿನವರಾದ ನಮಗೆ ಇದು ಬೇಗ ಅರ್ಥವಾಗಬೇಕು.

‘ಮ್ಯಾಸಿಡೋನಿಯಾ’ ಎಂಬ ಪದಕ್ಕೆ ಮೂರು ನಕ್ಷೆಗಳಿವೆ. ಮೊದಲನೆಯದು ಅಲೆಕ್ಸಾಂಡರನ ರಾಜ್ಯ. ಝೇಲಂ ದಂಡೆಯಲ್ಲಿ ಪೋರಸ್‌ನೊಂದಿಗೆ ಕ್ರಿ.ಪೂ. 326ರಲ್ಲಿ ಕಾದಾಡಿದವನು ಎಂದು ನಾವು ಶಾಲೆಯಲ್ಲಿ ಓದಿದ ಅದೇ ಅಲೆಕ್ಸಾಂಡರ್. ಅವನ ರಾಜಧಾನಿ ಪೆಲ್ಲಾ ಮತ್ತು ಅವನ ಮನೆತನದ ಹಳೆಯ ರಾಜಧಾನಿ ಇದ್ದ ವೆರ್ಗಿನಾ ಎರಡೂ ಇರುವುದು ಇಂದಿನ ಗ್ರೀಸಿನಲ್ಲಿ. ಎರಡನೆಯದು ಆಟೊಮನ್ನರ ಕಾಲದ ಕೊನೆಯಲ್ಲಿ ಮ್ಯಾಸಿಡೋನಿಯಾ ಎಂದು ಕರೆಸಿಕೊಂಡ ವಿಶಾಲ ಪ್ರದೇಶ. ಗ್ರೀಕರು, ಸ್ಲಾವರು, ಅಲ್ಬೇನಿಯನ್ನರು, ತುರ್ಕರು, ಯಹೂದಿಗಳು, ವ್ಲಾಕರು, ರೋಮಾಗಳು ಬೆರೆತು ಬಾಳಿದ ನೆಲ. ಹಲವು ಹಣ್ಣು ಹೆಚ್ಚಿ ಕಲಸಿದ ತಿನಿಸಿಗೆ ಫ್ರೆಂಚರು ‘ಮಾಸೆದ್ವಾನ್’ ಎನ್ನುತ್ತಾರೆ. ಆ ಹೆಸರು ಬಂದಿದ್ದು ಈ ನೆಲದಿಂದಲೇ ಎಂದು ಹೇಳುವುದುಂಟು. 1912–13ರ ಬಾಲ್ಕನ್ ಯುದ್ಧಗಳಲ್ಲಿ ತುರ್ಕರನ್ನು ಓಡಿಸಿದ ನೆರೆಯವರು ಈ ಪ್ರದೇಶವನ್ನು ಹಂಚಿಕೊಂಡರು. ಅರ್ಧದಷ್ಟು ಗ್ರೀಸಿಗೆ, ಮೂರನೇ ಒಂದಕ್ಕಿಂತ ಹೆಚ್ಚು ಸರ್ಬಿಯಾಕ್ಕೆ, ಹತ್ತನೇ ಒಂದರಷ್ಟು ಬಲ್ಗೇರಿಯಾಕ್ಕೆ. ಮೂರನೆಯ ನಕ್ಷೆ ಸರ್ಬಿಯಾಕ್ಕೆ ಹೋದ ಆ ಪಾಲು. 1944ರಲ್ಲಿ ಅದನ್ನು ಕಮ್ಯುನಿಸ್ಟ್ ನಾಯಕ ಟಿಟೊನ ಯುಗೊಸ್ಲಾವಿಯಾದೊಳಗೆ ಒಂದು ಗಣರಾಜ್ಯ ಮಾಡಿದರು. 1991ರ ಸೆಪ್ಟೆಂಬರ್ 8ರ ಜನಮತಗಣನೆಯಿಂದ ಅದು ಸ್ವತಂತ್ರವಾಯಿತು.

ಇಡೀ ಪ್ರದೇಶದ ಹೆಸರನ್ನು ಅದರ ಒಂದು ತುಂಡು ಇಟ್ಟುಕೊಂಡಿತು ಎಂಬುದೇ ಗ್ರೀಸಿನ ತಕರಾರಿನ ಮೂಲ. ನಮ್ಮಲ್ಲಿ ನಡೆದದ್ದು ಇದರ ತಲೆಕೆಳಗಾದ ರೂಪ. 1956ರಲ್ಲಿ ಕನ್ನಡ ನಾಡು ಒಂದಾದಾಗ ಒಂದು ಭಾಗದ ಹೆಸರನ್ನು, ಅಂದರೆ ಮೈಸೂರನ್ನು, ಇಡೀ ರಾಜ್ಯಕ್ಕೆ ಇಟ್ಟರು. ಬೆಳಗಾವಿ, ವಿಜಯಪುರ, ಧಾರವಾಡದ ಕಡೆಯವರಿಗೆ ಅದು ಹದಿನೇಳು ವರ್ಷ ಚುಚ್ಚುತ್ತಲೇ ಇತ್ತು. 1973ರ ನವೆಂಬರ್ 1ರಂದು ಕರ್ನಾಟಕ ಎಂದಾದ ಮೇಲೆ ಆ ಮುಳ್ಳು ಹೋಯಿತು. ಭಾಗ ಮತ್ತು ಇಡಿಯ ನಡುವೆ ಹೆಸರು ಎಲ್ಲಿ ಕುಳಿತುಕೊಳ್ಳಬೇಕು ಎಂಬುದು ಸಣ್ಣ ವಿಷಯವಲ್ಲ ಎಂದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಗ್ರೀಕರ ಕೋಪಕ್ಕೆ ಇತಿಹಾಸ ಎಷ್ಟು ಕಾರಣವೋ ಭಯವೂ ಅಷ್ಟೇ ಕಾರಣ. ಅವರ ಉತ್ತರ ಭಾಗಕ್ಕೂ ಮ್ಯಾಸಿಡೋನಿಯಾ ಎಂದೇ ಹೆಸರು, ಥೆಸಲೊನೀಕಿ ಅದರ ದೊಡ್ಡ ನಗರ. ಅಲ್ಲಿನವರು ತಮ್ಮನ್ನು ಮ್ಯಾಸಿಡೋನಿಯನ್ನರು ಎಂದೇ ಕರೆದುಕೊಳ್ಳುತ್ತಾರೆ, ಗ್ರೀಕರಾಗಿಯೇ. 1923ರ ಜನಸಂಖ್ಯಾ ವಿನಿಮಯದಲ್ಲಿ ಏಷ್ಯಾ ಮೈನರಿನಿಂದ ಎಲ್ಲ ಕಳೆದುಕೊಂಡು ಬಂದ ನಿರಾಶ್ರಿತರನ್ನು ನೆಲೆಗೊಳಿಸಿದ್ದು ಬಹುಪಾಲು ಇಲ್ಲೇ. 1946–49ರ ಅಂತರ್ಯುದ್ಧದಲ್ಲಿ ಇದೇ ಬೆಟ್ಟಗಳಲ್ಲಿ ರಕ್ತ ಹರಿಯಿತು. ಸ್ಲಾವಿಕ್ ಭಾಷೆಯಾಡುವ ಸಾವಿರಾರು ಕುಟುಂಬಗಳು ಗಡಿ ದಾಟಿ ಓಡಿದವು. ಅವರಲ್ಲಿ ಎಷ್ಟೋ ಜನರಿಗೆ ಮತ್ತೆ ಊರು ನೋಡಲು ಬಿಡಲಿಲ್ಲ. ಇಷ್ಟೆಲ್ಲ ನಡೆದ ನೆಲದ ಹೆಸರನ್ನು ಗಡಿಯಾಚೆಯ ಹೊಸ ದೇಶ ಇಟ್ಟುಕೊಂಡು, ತನ್ನ ಸಂವಿಧಾನದಲ್ಲಿ ‘ನೆರೆಯ ದೇಶಗಳಲ್ಲಿರುವ ಮ್ಯಾಸಿಡೋನಿಯನ್ ಜನರ’ ಬಗ್ಗೆಯೂ ಕಾಳಜಿ ವಹಿಸುತ್ತೇವೆ ಎಂದು ಬರೆದಾಗ ಅಥೆನ್ಸ್ ಬೆಚ್ಚಿತು. ‘ಇವತ್ತು ಹೆಸರು, ನಾಳೆ ನೆಲ’ ಎಂಬ ಲೆಕ್ಕ. ನಮಗೆ ಯಾವ ಪ್ರದೇಶದ ಮೇಲೂ ಹಕ್ಕಿಲ್ಲ ಎಂದು ಹೊಸ ದೇಶ 1992ರ ಜನವರಿಯಲ್ಲೇ ಸಂವಿಧಾನ ತಿದ್ದಿತು. ಆದರೆ ಮರುತಿಂಗಳೇ ಥೆಸಲೊನೀಕಿಯ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ಇಳಿದಿದ್ದರು.

ಬೆಂಕಿಗೆ ತುಪ್ಪ ಸುರಿದದ್ದು ಬಾವುಟ. 1977ರಲ್ಲಿ ಪುರಾತತ್ತ್ವಜ್ಞ ಮನೋಲಿಸ್ ಆಂದ್ರೋನಿಕೋಸ್ ವೆರ್ಗಿನಾದ ಮಣ್ಣುದಿಬ್ಬದೊಳಗೆ ಒಂದು ರಾಜಸಮಾಧಿ ತೆರೆದ. ಅಲೆಕ್ಸಾಂಡರನ ತಂದೆ ಎರಡನೇ ಫಿಲಿಪ್‌ನದು ಅದು ಎಂಬುದು ಅವನ ವಾದ. ಒಳಗಿದ್ದ ಚಿನ್ನದ ಅಸ್ಥಿಪೆಟ್ಟಿಗೆಯ ಮುಚ್ಚಳದ ಮೇಲೆ ಹದಿನಾರು ಕಿರಣಗಳ ಸೂರ್ಯ. 1992ರಲ್ಲಿ ಸ್ಕೋಪ್ಯೆ ಅದೇ ಸೂರ್ಯನನ್ನು ಕೆಂಪು ಬಟ್ಟೆಯ ಮೇಲೆ ಹಚ್ಚಿ ತನ್ನ ರಾಷ್ಟ್ರಧ್ವಜ ಎಂದಿತು. ಬಾದಾಮಿ ಚಾಲುಕ್ಯರ ವರಾಹ ಲಾಂಛನವನ್ನು ನೆರೆಯ ರಾಜ್ಯವೊಂದು ತನ್ನ ಅಧಿಕೃತ ಮುದ್ರೆ ಮಾಡಿಕೊಂಡರೆ ಬಾಗಲಕೋಟೆಯಲ್ಲಿ ಏನಾದೀತು, ಊಹಿಸಿಕೊಳ್ಳಿ.

ಆ ಸ್ಥಿತಿಯಲ್ಲೇ 1993ರ ಏಪ್ರಿಲ್‌ನಲ್ಲಿ ಹೊಸ ದೇಶವನ್ನು ವಿಶ್ವಸಂಸ್ಥೆಗೆ ಸೇರಿಸಿಕೊಂಡರು. ಯಾವ ಹೆಸರಿನಲ್ಲಿ? ‘ಹಿಂದಿನ ಯುಗೊಸ್ಲಾವ್ ಮ್ಯಾಸಿಡೋನಿಯಾ ಗಣರಾಜ್ಯ’. ಇದು ಹೆಸರಲ್ಲ, ತಾತ್ಕಾಲಿಕ ಉಲ್ಲೇಖ ಮಾತ್ರ ಎಂದು ಒತ್ತಿ ಹೇಳಲಾಯಿತು. ಈಗ ಕುರ್ಚಿಯ ಪ್ರಶ್ನೆ. ಮಹಾಸಭೆಯಲ್ಲಿ ದೇಶಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಕೂರುತ್ತವೆ. ‘ಎಂ’ ಸಾಲಿನಲ್ಲಿ ಕೂರಿಸಲು ಗ್ರೀಸ್ ಒಪ್ಪಲಿಲ್ಲ. ‘ಹಿಂದಿನ’ ಎಂಬುದರ ‘ಎಫ್’ ಸಾಲಿಗೆ ಹೋಗಲು ಸ್ಕೋಪ್ಯೆ ಒಪ್ಪಲಿಲ್ಲ. ಇಂಗ್ಲಿಷಿನ ‘ದ’ ಎಂಬ ನಿರುಪದ್ರವಿ ಪದ ಮುಂದಿತ್ತಲ್ಲ, ಅದರ ಮೊದಲ ಅಕ್ಷರ ಹಿಡಿದು ‘ಟಿ’ ಸಾಲಿನಲ್ಲಿ, ಥಾಯ್ಲೆಂಡಿನ ಪಕ್ಕದಲ್ಲಿ ಕೂರಿಸಿದರು. ಈ ಇಡೀ ವ್ಯವಹಾರದಲ್ಲಿ ನನಗೆ ಅತ್ಯಂತ ಇಷ್ಟವಾದ ವಸ್ತು ಆ ಕುರ್ಚಿ. ಯಾವ ಅರ್ಥವೂ ಇಲ್ಲದ ಒಂದು ಪದದ ಮೇಲೆ ಒಂದು ದೇಶ ಇಪ್ಪತ್ತೈದು ವರ್ಷ ಕುಳಿತಿತ್ತು.

1994ರ ಫೆಬ್ರುವರಿಯಲ್ಲಿ ಗ್ರೀಸ್ ವ್ಯಾಪಾರ ದಿಗ್ಬಂಧನ ಹಾಕಿತು. ಸಮುದ್ರವಿಲ್ಲದ ಆ ದೇಶಕ್ಕೆ ಥೆಸಲೊನೀಕಿ ಬಂದರೇ ಬಾಗಿಲು. ಗಡಿ ಗಲಾಟೆ ಜೋರಾದಾಗ ನಿಪ್ಪಾಣಿಯಾಚೆ ಬಸ್ಸು ಹೋಗದೆ ನಿಂತರೆ ನಮಗೆ ಎರಡು ದಿನ ಪರದಾಟ. ಅಲ್ಲಿ ಅದು ಇಪ್ಪತ್ತು ತಿಂಗಳು ನಡೆಯಿತು. 1995ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮಧ್ಯಂತರ ಒಪ್ಪಂದವಾಯಿತು. ಬಾವುಟದ ಮೇಲಿನ ಹಳೆಯ ಸೂರ್ಯ ಹೋಗಿ ಎಂಟು ಕಿರಣಗಳ ಹೊಸ ಸೂರ್ಯ ಬಂದ, ದಿಗ್ಬಂಧನ ತೆರವಾಯಿತು. ಆ ಒಪ್ಪಂದದ ಪ್ರತಿ ಓದಿದರೆ ಎರಡೂ ದೇಶಗಳ ಹೆಸರು ಎಲ್ಲೂ ಇಲ್ಲ. ಅಥೆನ್ಸ್ ರಾಜಧಾನಿಯಾಗಿರುವ ‘ಮೊದಲನೇ ಪಕ್ಷ’, ಸ್ಕೋಪ್ಯೆ ರಾಜಧಾನಿಯಾಗಿರುವ ‘ಎರಡನೇ ಪಕ್ಷ’, ಅಷ್ಟೇ. ಗಂಡನ ಹೆಸರು ಹೇಳದ ಹಳೆಯ ಕಾಲದ ಹೆಂಗಸರಂತೆ ಎರಡು ಸಾರ್ವಭೌಮ ರಾಷ್ಟ್ರಗಳು ಒಡಂಬಡಿಕೆ ಮಾಡಿಕೊಂಡವು.

ಇಲ್ಲಿ ಸ್ವಲ್ಪ ನಮ್ಮ ಅಂಗಳಕ್ಕೆ ಬರುತ್ತೇನೆ. ಹಳೆಯ ಅರಸರಿಗೆ ಇಂದಿನ ಗಡಿಯ ಅಂಗಿ ತೊಡಿಸುವುದು ಎಷ್ಟು ಫಜೀತಿ ಎಂದು ತಿಳಿಯಲು ಬಾಲ್ಕನ್‌ಗೇ ಹೋಗಬೇಕಿಲ್ಲ, ಬಾಗಲಕೋಟೆ ಜಿಲ್ಲೆಯ ಐಹೊಳೆಯ ಮೇಗುತಿ ಗುಡ್ಡ ಹತ್ತಿದರೆ ಸಾಕು. ಅಲ್ಲಿನ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿ ಬರೆದ 634ರ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಇಮ್ಮಡಿ ಪುಲಕೇಶಿ ತೊಂಬತ್ತೊಂಬತ್ತು ಸಾವಿರ ಹಳ್ಳಿಗಳ ಮೂರು ‘ಮಹಾರಾಷ್ಟ್ರಕ’ಗಳ ಒಡೆಯನಾದ ಎಂದು ಅದು ಹೊಗಳುತ್ತದೆ. ಅವನ ಕಾಲದಲ್ಲೇ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಪುಲಕೇಶಿಯ ನಾಡನ್ನು ಕರೆದದ್ದೂ ಮಹಾರಾಷ್ಟ್ರ ಎಂಬರ್ಥದ ಹೆಸರಿನಿಂದ. ಇದನ್ನು ಹಿಡಿದು ಒಬ್ಬರು ವಾದ ಹೂಡಬಹುದು. ಇನ್ನೊಬ್ಬರು ಎದ್ದು, ಚಾಲುಕ್ಯರನ್ನು ಸೋಲಿಸಿದ ರಾಷ್ಟ್ರಕೂಟ ದಂತಿದುರ್ಗನ ತಾಮ್ರಪಟ ಆ ಸೋತ ಸೇನೆಯನ್ನು ‘ಕರ್ಣಾಟಕ ಬಲ’ ಎಂದು ಕರೆದಿದೆ, ಆ ಪಟ ಸಿಕ್ಕಿದ್ದೂ ಇಂದಿನ ಕೊಲ್ಹಾಪುರ ಜಿಲ್ಲೆಯ ಸಾಮಾನಗಡದಲ್ಲೇ ಎನ್ನಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪುಲಕೇಶಿಗೆ ಮಾತ್ರ ಈ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಅವನ ದೃಷ್ಟಿಯಲ್ಲಿ ಮಹಾರಾಷ್ಟ್ರಕವೆಂದರೆ ಗೆದ್ದುಕೊಂಡ ನೆಲ, ಕಂದಾಯ ಬರುವ ಹಳ್ಳಿಗಳು.

ಅಲೆಕ್ಸಾಂಡರನ ವಿಷಯದಲ್ಲಿ ಸಾಕ್ಷ್ಯ ಇಷ್ಟು ಸಮವಾಗಿಲ್ಲ ಎಂಬುದನ್ನೂ ಹೇಳಬೇಕು. ಅವನ ಆಸ್ಥಾನ ಗ್ರೀಕ್ ಸಂಸ್ಕೃತಿಯದು, ಅವನು ಪೂರ್ವಕ್ಕೆ ಹೊತ್ತು ತಂದ ಭಾಷೆ ಗ್ರೀಕ್, ಅವನ ಗುರು ಅರಿಸ್ಟಾಟಲ್. ಸ್ಲಾವರು ಬಾಲ್ಕನ್ ಪ್ರದೇಶಕ್ಕೆ ಬಂದದ್ದು ಕ್ರಿ.ಶ. ಆರು–ಏಳನೇ ಶತಮಾನದಲ್ಲಿ, ಅಲೆಕ್ಸಾಂಡರ್ ಸತ್ತು ಒಂಬತ್ತು ಶತಮಾನವಾದ ಮೇಲೆ. ಹೀಗಿದ್ದೂ 2006ರಿಂದ ಸ್ಕೋಪ್ಯೆಯ ಸರ್ಕಾರ ಅಲೆಕ್ಸಾಂಡರನನ್ನು ಮನೆತುಂಬಿಸಿಕೊಳ್ಳಲು ಹೊರಟಿತು. ವಿಮಾನ ನಿಲ್ದಾಣಕ್ಕೆ ಅವನ ಹೆಸರು, ಹೆದ್ದಾರಿಗೆ ಅವನ ಹೆಸರು. 2011ರಲ್ಲಿ ನಗರದ ನಡುಚೌಕದಲ್ಲಿ ಕುದುರೆ ಏರಿದ ಭಾರೀ ಕಂಚಿನ ಪ್ರತಿಮೆ ಎದ್ದಿತು. ಅಧಿಕೃತವಾಗಿ ಅದಕ್ಕೆ ‘ಕುದುರೆಯ ಮೇಲಿನ ಯೋಧ’ ಎಂದಷ್ಟೇ ಹೆಸರು, ಯಾವ ಯೋಧ ಎಂದು ಕೇಳಬಾರದು. ಗ್ರೀಸೂ ಕಡಿಮೆಯಿಲ್ಲ. ಥೆಸಲೊನೀಕಿಯ ವಿಮಾನ ನಿಲ್ದಾಣದ ಹೆಸರು ‘ಮ್ಯಾಸಿಡೋನಿಯಾ’, ಹತ್ತಿರದ ಕವಾಲಾದ್ದು ‘ಮಹಾ ಅಲೆಕ್ಸಾಂಡರ್’. ಅಂದರೆ ಕೆಲವು ವರ್ಷ ಒಂದೇ ಹೆಸರಿನ ಎರಡು ವಿಮಾನ ನಿಲ್ದಾಣಗಳು ಗಡಿಯ ಎರಡು ಬದಿಗೆ ಒಂದನ್ನೊಂದು ದಿಟ್ಟಿಸುತ್ತ ಇದ್ದವು.

ಈ ಪ್ರತಿಮೆಯ ಹುಚ್ಚನ್ನು ನೋಡಿ ನಗುವುದು ಸುಲಭ. ನಾನೂ ನಕ್ಕಿದ್ದೇನೆ. ಆದರೆ ಕಾಲಾನುಕ್ರಮ ನೋಡಿದರೆ ನಗು ಸ್ವಲ್ಪ ಇಳಿಯುತ್ತದೆ. 2008ರಲ್ಲಿ ಬುಕಾರೆಸ್ಟಿನ ಶೃಂಗಸಭೆಯಲ್ಲಿ ಆ ದೇಶಕ್ಕೆ ನ್ಯಾಟೋ ಆಹ್ವಾನ ಸಿಗದಂತೆ ಗ್ರೀಸ್ ತಡೆಯಿತು. ಇದು ಮಧ್ಯಂತರ ಒಪ್ಪಂದದ ಉಲ್ಲಂಘನೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2011ರ ಡಿಸೆಂಬರ್‌ನಲ್ಲಿ 15–1ರ ಬಹುಮತದಿಂದ ಹೇಳಿತು. ತೀರ್ಪು ಬಂತು, ಬಾಗಿಲು ತೆರೆಯಲಿಲ್ಲ. ಹೊರಗಿನವರು ‘ನೀನು ಯಾರು’ ಎಂದು ಎಡೆಬಿಡದೆ ಕೇಳುತ್ತಿದ್ದರೆ ಮನೆಯವರು ಹಳೆಯ ಪೆಟ್ಟಿಗೆಯಿಂದ ಇರುವ ಇಲ್ಲದ ಒಡವೆಯೆಲ್ಲ ತೆಗೆದು ಹಾಕಿಕೊಳ್ಳುತ್ತಾರೆ.

ಈ ನಡುವೆ ಒಬ್ಬ ಮನುಷ್ಯ ಒಂದು ಪದ ಹುಡುಕುತ್ತಿದ್ದ. ಅಮೆರಿಕದ ವಕೀಲ, ರಾಜತಾಂತ್ರಿಕ ಮ್ಯಾಥ್ಯೂ ನಿಮೆಟ್ಸ್. 1994ರಲ್ಲಿ ಅಮೆರಿಕದ ದೂತನಾಗಿ ಈ ಕಗ್ಗಂಟಿಗೆ ಕೈಹಾಕಿದ, 1999ರಿಂದ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ ಮುಂದುವರಿಸಿದ, ಸಾಂಕೇತಿಕವಾಗಿ ವರ್ಷಕ್ಕೆ ಒಂದು ಡಾಲರ್ ಸಂಬಳಕ್ಕೆ. ಹೊಸ ಮ್ಯಾಸಿಡೋನಿಯಾ, ಮೇಲಿನ ಮ್ಯಾಸಿಡೋನಿಯಾ, ವಾರ್ದಾರ್ ಮ್ಯಾಸಿಡೋನಿಯಾ, ಸ್ಕೋಪ್ಯೆ ಆವರಣದಲ್ಲಿಟ್ಟ ಮ್ಯಾಸಿಡೋನಿಯಾ ಹೀಗೆ ಎಷ್ಟೋ ಹೆಸರುಗಳು ಬಂದು ಬಿದ್ದುಹೋದವು. 2017ರಲ್ಲಿ ಸ್ಕೋಪ್ಯೆಯಲ್ಲಿ ಜೋರಾನ್ ಜಾಯೆವ್ ಪ್ರಧಾನಿಯಾದ. ಅಥೆನ್ಸಿನಲ್ಲಿ ಅಲೆಕ್ಸಿಸ್ ಸಿಪ್ರಾಸ್ ಇದ್ದ. ಮೊದಲು ಹೆದ್ದಾರಿ ಮತ್ತು ವಿಮಾನ ನಿಲ್ದಾಣದಿಂದ ಅಲೆಕ್ಸಾಂಡರನನ್ನು ಇಳಿಸಿದರು, ಹೆದ್ದಾರಿ ‘ಸ್ನೇಹ’ದ್ದಾಯಿತು. 2018ರ ಜೂನ್ 17ರಂದು ಪ್ರೆಸ್ಪಾ ಸರೋವರದ ದಂಡೆಯ ಪ್ಸರಾದೆಸ್ ಎಂಬ ಮೀನುಗಾರರ ಹಳ್ಳಿಯಲ್ಲಿ ವಿದೇಶಾಂಗ ಸಚಿವರು ಸಹಿ ಹಾಕಿದರು. ಹೊಸ ಹೆಸರು ಉತ್ತರ ಮ್ಯಾಸಿಡೋನಿಯಾ. ಒಂದೇ ಪದದಲ್ಲಿ ದಿಕ್ಕು ಮತ್ತು ಪರಿಹಾರ ಎರಡನ್ನೂ ಹೇಳುವ ಸೌಲಭ್ಯ ಕನ್ನಡಕ್ಕಿದೆ, ಆ ಮಾತುಕತೆಯಲ್ಲಿ ಕೂತವರಿಗೆ ಇರಲಿಲ್ಲ.

‘ಉತ್ತರ’ ಎಂಬ ಪದ ಏನು ಮಾಡುತ್ತದೆ? ಉತ್ತರ ಕರ್ನಾಟಕದವರಾದ ನಾವು ಇದನ್ನು ನಿತ್ಯ ಹೊತ್ತು ತಿರುಗುವವರು. ಹೆಸರಿಗೆ ದಿಕ್ಕು ಸೇರಿದೊಡನೆ ದಕ್ಷಿಣ ಎಂಬುದೊಂದಿದೆ, ಇಡೀ ಮನೆ ನಮ್ಮದೊಬ್ಬರದೇ ಅಲ್ಲ ಎಂಬುದು ಹೇಳದೆಯೇ ಹೊರಬೀಳುತ್ತದೆ. ಗ್ರೀಸಿಗೆ ಬೇಕಾಗಿದ್ದು ಅಷ್ಟೇ. ಮೂಲ ಪದ ಉಳಿದುಕೊಂಡಿತಲ್ಲ ಎಂಬುದು ಸ್ಕೋಪ್ಯೆಗೆ ಸಿಕ್ಕ ಸಮಾಧಾನ. ಆದರೆ ಒಪ್ಪಂದದ ನಿಜವಾದ ಜಾಣತನ ಹೆಸರಿನಲ್ಲಿಲ್ಲ, ಏಳನೇ ವಿಧಿಯಲ್ಲಿದೆ. ಮ್ಯಾಸಿಡೋನಿಯಾ ಎಂದು ನಾವಿಬ್ಬರೂ ಹೇಳುವಾಗ ಇಬ್ಬರ ಮನಸ್ಸಿನಲ್ಲಿರುವುದು ಬೇರೆ ಬೇರೆ ಎಂದು ಅದು ನೇರವಾಗಿ ಒಪ್ಪಿಕೊಳ್ಳುತ್ತದೆ. ಗ್ರೀಸಿನ ಪಾಲಿಗೆ ಅದು ತನ್ನ ಉತ್ತರ ಪ್ರದೇಶ, ಅಲ್ಲಿನ ಜನ, ಪ್ರಾಚೀನ ಕಾಲದಿಂದ ಬಂದ ಹೆಲೆನಿಕ್ ನಾಗರಿಕತೆ. ಇನ್ನೊಬ್ಬರ ಪಾಲಿಗೆ ತಮ್ಮ ನೆಲ, ತಮ್ಮ ಭಾಷೆ, ತಮ್ಮದೇ ಆದ ಬೇರೆ ಇತಿಹಾಸ. ಭಾಷೆಯ ಹೆಸರು ಮ್ಯಾಸಿಡೋನಿಯನ್ ಎಂದೇ ಇರುತ್ತದೆ, ಆದರೆ ಅದು ದಕ್ಷಿಣ ಸ್ಲಾವಿಕ್ ಗುಂಪಿನದು, ಪ್ರಾಚೀನ ಗ್ರೀಕ್ ಪರಂಪರೆಗೆ ಸಂಬಂಧಿಸಿದ್ದಲ್ಲ. ಯಾರ ಇತಿಹಾಸ ಸರಿ ಎಂದು ತೀರ್ಪು ಕೊಡಲು ಹೋಗದೆ, ಒಂದು ಪದವನ್ನು ಎರಡು ಪದಗಳನ್ನಾಗಿ ಪಾಲು ಮಾಡಿ ಕೈತೊಳೆದುಕೊಂಡರು. ಅಣ್ಣ ತಮ್ಮಂದಿರು ಬಾವಿಯನ್ನು ಭಾಗ ಮಾಡಲಾಗದೆ ನೀರು ಸೇದುವ ಹೊತ್ತನ್ನು ಭಾಗ ಮಾಡಿಕೊಳ್ಳುತ್ತಾರಲ್ಲ, ಹಾಗೆ.

ಜನ ಮೆಚ್ಚಿ ಕುಣಿದಾಡಲಿಲ್ಲ. 2018ರ ಸೆಪ್ಟೆಂಬರ್ 30ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇಕಡ 90ಕ್ಕೂ ಹೆಚ್ಚು ಜನ ಹೌದು ಎಂದರು. ಆದರೆ ಮತಗಟ್ಟೆಗೆ ಬಂದವರೇ ಶೇಕಡ 37ರಷ್ಟು. ವಿರೋಧಿಗಳು ‘ಬೇಡ’ ಎಂದು ಒತ್ತುವ ಬದಲು ಮನೆಯಲ್ಲೇ ಉಳಿದಿದ್ದರು. ಕೊನೆಗೆ 2019ರ ಜನವರಿಯಲ್ಲಿ ಸಂಸತ್ತು 120ರಲ್ಲಿ 81 ಮತಗಳಿಂದ ಸಂವಿಧಾನ ತಿದ್ದಿತು. ಮೂರನೇ ಎರಡರಷ್ಟು ಎಂದರೆ 80 ಬೇಕಿತ್ತು. ಅದೇ ತಿಂಗಳು ಗ್ರೀಕ್ ಸಂಸತ್ತು 300ರಲ್ಲಿ 153 ಮತಗಳಿಂದ ಒಪ್ಪಿತು. ಸಿಪ್ರಾಸ್‌ನ ಮಿತ್ರಪಕ್ಷ ಅಷ್ಟರಲ್ಲಿ ಅವನನ್ನು ಬಿಟ್ಟುಹೋಗಿತ್ತು, ಜುಲೈನಲ್ಲಿ ಅವನು ಚುನಾವಣೆಯನ್ನೂ ಸೋತ. ಒಪ್ಪಂದವನ್ನು ಬೈಯುತ್ತಲೇ ಗೆದ್ದು ಬಂದ ವಿರೋಧ ಪಕ್ಷ ಅದನ್ನು ಹರಿದು ಹಾಕಲಿಲ್ಲ. 2020ರ ಮಾರ್ಚ್‌ನಲ್ಲಿ ಉತ್ತರ ಮ್ಯಾಸಿಡೋನಿಯಾ ನ್ಯಾಟೋದ 30ನೇ ಸದಸ್ಯನಾಯಿತು. ವಿಶ್ವಸಂಸ್ಥೆಯ ಕುರ್ಚಿ ‘ಟಿ’ ಸಾಲಿನಿಂದ ಎದ್ದು ‘ಎನ್’ ಸಾಲಿಗೆ, ನೈಜೀರಿಯಾ ಮತ್ತು ನಾರ್ವೆಯ ನಡುವಿಗೆ ಬಂತು. 2024ರ ಮೇ ತಿಂಗಳಲ್ಲಿ ಹೊಸ ರಾಷ್ಟ್ರಾಧ್ಯಕ್ಷೆ ಗೋರ್ದಾನಾ ಸಿಲ್ಯಾನೋವ್ಸ್ಕಾ ದಾವ್ಕೋವಾ ಪ್ರಮಾಣವಚನ ಸಮಾರಂಭದಲ್ಲಿ ‘ಉತ್ತರ’ವನ್ನು ನುಂಗಿ ಬರೀ ಮ್ಯಾಸಿಡೋನಿಯಾ ಎಂದಾಗ ಗ್ರೀಕ್ ರಾಯಭಾರಿ ಎದ್ದು ಹೊರನಡೆದರು. ಹಾಗಿದ್ದರೂ ಒಪ್ಪಂದ ನಿಂತಿದೆ.

ಈಗ ಬಲ್ಗೇರಿಯಾ. ಇಲ್ಲಿ ವಿಷಯ ತಿರುವುಮುರುವು. 1992ರ ಜನವರಿಯಲ್ಲಿ ಮ್ಯಾಸಿಡೋನಿಯಾ ಎಂಬ ಹೆಸರಿನಲ್ಲೇ ಆ ದೇಶಕ್ಕೆ ಮೊಟ್ಟಮೊದಲು ಮಾನ್ಯತೆ ಕೊಟ್ಟದ್ದು ಬಲ್ಗೇರಿಯಾ. ಹೆಸರಿನ ಬಗ್ಗೆ ಅದಕ್ಕೆ ತಕರಾರಿಲ್ಲ, ತಕರಾರು ಆ ಹೆಸರಿನ ಜನರ ಬಗ್ಗೆ. ನೀವು ಬೇರೆ ಜನಾಂಗವೇ ಅಲ್ಲ, ನಮ್ಮವರೇ. ನಿಮ್ಮ ಭಾಷೆ ಬೇರೆ ಭಾಷೆಯಲ್ಲ, ನಮ್ಮದರ ಒಂದು ಪ್ರಾದೇಶಿಕ ರೂಪ, 1944ರ ನಂತರ ಯುಗೊಸ್ಲಾವಿಯಾ ಅದಕ್ಕೆ ಬೇರೆ ವ್ಯಾಕರಣ, ಬೇರೆ ಅಕ್ಷರಮಾಲೆ ಕಟ್ಟಿಕೊಟ್ಟಿತು ಎಂಬುದು ಬಲ್ಗೇರಿಯಾದ ರಾಜಧಾನಿ ಸೋಫಿಯಾದ ವಾದ.

ಇದನ್ನು ಕೇಳಿದಾಗ ನನಗೆ ನೆನಪಾಗುವುದು ಕೊಂಕಣಿ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿನ ಮಾತು ಮರಾಠಿಯ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂದು ದಶಕಗಳ ಕಾಲ ವಿದ್ವಾಂಸರು ಗುದ್ದಾಡಿದರು. ವಿಷಯ ಬರೀ ವ್ಯಾಕರಣದ್ದಾಗಿರಲಿಲ್ಲ. ಉಪಭಾಷೆ ಎಂದು ಒಪ್ಪಿದರೆ ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕು ಎಂಬ ವಾದಕ್ಕೆ ಬಲ ಬರುತ್ತಿತ್ತು. 1967ರ ಜನಮತದಲ್ಲಿ ಗೋವಾದವರು ವಿಲೀನ ಬೇಡ ಎಂದರು. 1975ರಲ್ಲಿ ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯಿಕ ಭಾಷೆ ಎಂದು ಮನ್ನಿಸಿತು, 1987ರಲ್ಲಿ ಅದು ಗೋವಾದ ಆಡಳಿತ ಭಾಷೆಯಾಯಿತು, 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. ಭಾಷೆಗೂ ಉಪಭಾಷೆಗೂ ನಡುವಿನ ಗೆರೆಯನ್ನು ಬಹಳ ಸಲ ಭಾಷಾಶಾಸ್ತ್ರಜ್ಞರು ಎಳೆಯುವುದಿಲ್ಲ. ಸ್ಕೋಪ್ಯೆಯವನೂ ಸೋಫಿಯಾದವನೂ ದುಭಾಷಿಯಿಲ್ಲದೆ ಮಾತಾಡಬಲ್ಲರು. ಅವರ ಪ್ರಧಾನಿಗಳು 1999ರಲ್ಲಿ ಜಂಟಿ ಘೋಷಣೆಗೆ ಸಹಿ ಹಾಕುವಾಗ, ಇದನ್ನು ‘ಮ್ಯಾಸಿಡೋನಿಯಾದ ಸಂವಿಧಾನದ ಪ್ರಕಾರ ಮ್ಯಾಸಿಡೋನಿಯನ್ ಭಾಷೆಯಲ್ಲಿ, ಬಲ್ಗೇರಿಯಾದ ಸಂವಿಧಾನದ ಪ್ರಕಾರ ಬಲ್ಗೇರಿಯನ್ ಭಾಷೆಯಲ್ಲಿ’ ಬರೆಯಲಾಗಿದೆ ಎಂಬ ಸೂತ್ರ ಹೆಣೆದರು. ನೀನು ಹಾಗೆ ಅಂದುಕೊಂಡಿದ್ದೀಯ ಎಂಬುದನ್ನಷ್ಟೇ ನಾನು ಒಪ್ಪಿದ್ದೇನೆ ಎಂದು ಇದರ ಅರ್ಥ.

2017ರ ಆಗಸ್ಟ್‌ನಲ್ಲಿ ಎರಡೂ ದೇಶಗಳು ಸ್ನೇಹ ಒಪ್ಪಂದ ಮಾಡಿಕೊಂಡು ಇತಿಹಾಸಕಾರರ ಜಂಟಿ ಸಮಿತಿ ರಚಿಸಿದವು. ಶಾಲಾ ಪಠ್ಯದಲ್ಲಿ ಏನಿರಬೇಕು, ಯಾವ ವೀರನನ್ನು ಇಬ್ಬರೂ ಸೇರಿ ನೆನೆಯಬಹುದು ಎಂದು ಅವರು ಚರ್ಚಿಸಬೇಕು. ಸ್ಲಾವಿಕ್ ಬರಹಕ್ಕೆ ಅಡಿಪಾಯ ಹಾಕಿದ ಸಿರಿಲ್ ಮತ್ತು ಮೆಥೋಡಿಯಸ್‌ರಂಥ ಮಧ್ಯಯುಗದ ಸಂತರ ಬಗ್ಗೆ ಹೇಗೋ ಒಮ್ಮತ ಬಂತು. ಹತ್ತೊಂಬತ್ತನೇ ಶತಮಾನ ಸಮೀಪಿಸಿದಂತೆ ಧ್ವನಿ ಏರಿತು. 2020ರ ನವೆಂಬರ್‌ನಲ್ಲಿ ಉತ್ತರ ಮ್ಯಾಸಿಡೋನಿಯಾ ಐರೋಪ್ಯ ಒಕ್ಕೂಟದೊಂದಿಗೆ ಮಾತುಕತೆ ಶುರು ಮಾಡದಂತೆ ಬಲ್ಗೇರಿಯಾ ವೀಟೊ ಹಾಕಿತು. ಹೆಸರು ಬದಲಿಸಿದರೆ ಬಾಗಿಲು ತೆರೆಯುತ್ತದೆ ಎಂದು ಜನರನ್ನು ಒಪ್ಪಿಸಿದ್ದ ಜಾಯೆವ್‌ನ ಸ್ಥಿತಿ ಹೇಗಾಗಿರಬೇಡ. 2022ರಲ್ಲಿ ಫ್ರಾನ್ಸ್ ಮಧ್ಯೆ ಬಂದು ಒಂದು ದಾರಿ ತೋರಿಸಿತು. ಅದರ ಪ್ರಕಾರ ಉತ್ತರ ಮ್ಯಾಸಿಡೋನಿಯಾ ತನ್ನ ಸಂವಿಧಾನದಲ್ಲಿ ಬಲ್ಗೇರಿಯನ್ನರನ್ನೂ ಹೆಸರಿಸಬೇಕು. 2021ರ ಗಣತಿಯಲ್ಲಿ ತಾವು ಬಲ್ಗೇರಿಯನ್ನರು ಎಂದು ಬರೆಸಿದವರು ಸುಮಾರು 3,500 ಜನ. ಮೂರೂವರೆ ಸಾವಿರ ಜನರಿಗಾಗಿ ಸಂವಿಧಾನ ತಿದ್ದುವುದು ಕಷ್ಟವಲ್ಲ. ಆದರೆ ಒಮ್ಮೆ ಹೆಸರಿಗಾಗಿ ತಿದ್ದಿದ್ದೇವೆ, ಮತ್ತೆ ಇನ್ನೊಬ್ಬರ ಮಾತಿಗೆ ಯಾಕೆ ತಿದ್ದಬೇಕು ಎಂಬ ಸಿಟ್ಟು ಅಲ್ಲಿದೆ, ಅದು ಅರ್ಥವಾಗುವಂಥದು. 2024ರಲ್ಲಿ ಗೆದ್ದು ಬಂದ ಸರ್ಕಾರ ಆ ಸಿಟ್ಟಿನ ಮೇಲೆಯೇ ಬಂತು. ಅದುವರೆಗೆ ಜೊತೆಯಲ್ಲೇ ಸಾಲಿನಲ್ಲಿ ನಿಂತಿದ್ದ ಅಲ್ಬೇನಿಯಾವನ್ನು ಐರೋಪ್ಯ ಒಕ್ಕೂಟ ಅದೇ ಅಕ್ಟೋಬರ್‌ನಲ್ಲಿ ಬೇರ್ಪಡಿಸಿ ಮುಂದಕ್ಕೆ ಕರೆದುಕೊಂಡಿತು.

ಗ್ರೀಸಿನೊಂದಿಗಿನ ಜಗಳಕ್ಕೆ ಒಂದು ಪದ ಸೇರಿಸಿದರೆ ಸಾಕಾಯಿತು, ಯಾಕೆಂದರೆ ಅದು ಎರಡು ಬೇರೆ ಜನಗಳ ನಡುವಿನ ಜಗಳ. ನಾವು ಬೇರೆ, ನೀವು ಬೇರೆ, ಹೆಸರೊಂದೇ ಒಂದು ಎಂದು ಬರೆದುಕೊಟ್ಟರು, ಮುಗಿಯಿತು. ಬಲ್ಗೇರಿಯಾದ ವಾದವೇ ನಾವು ಬೇರೆಯಲ್ಲ ಎಂಬುದು. ಅದಕ್ಕೆ ಯಾವ ದಿಕ್ಕಿನ ಪದ ಸೇರಿಸುತ್ತೀರಿ?

ಗೋತ್ಸೆ ದೆಲ್ಚೆವ್ ಎಂಬ ಕ್ರಾಂತಿಕಾರಿಯನ್ನೇ ನೋಡಿ. 1872ರಲ್ಲಿ ಆಟೊಮನ್ನರ ಕಾಲದ ಕುಕುಶ್ ಎಂಬ ಊರಿನಲ್ಲಿ ಹುಟ್ಟಿದ. ಆ ಊರು ಈಗ ಕಿಲ್ಕಿಸ್ ಎಂಬ ಹೆಸರಿನಲ್ಲಿ ಗ್ರೀಸಿನಲ್ಲಿದೆ. ಸೋಫಿಯಾದ ಸೈನಿಕ ಶಾಲೆಯಲ್ಲಿ ಕಲಿತ, ಮ್ಯಾಸಿಡೋನಿಯಾಕ್ಕೆ ಮರಳಿ ಬಲ್ಗೇರಿಯನ್ ಶಾಲೆಗಳಲ್ಲಿ ಮಾಸ್ತರಿಕೆ ಮಾಡುತ್ತಲೇ ಗುಪ್ತ ಸಂಘಟನೆ ಕಟ್ಟಿದ. ಪತ್ರಗಳಲ್ಲಿ ತನ್ನವರನ್ನು ಬಲ್ಗೇರಿಯನ್ನರೆಂದೇ ಕರೆದ. ಹೋರಾಡಿದ್ದು ಮಾತ್ರ ಬಲ್ಗೇರಿಯಾಕ್ಕೆ ಸೇರುವುದಕ್ಕಲ್ಲ, ಮ್ಯಾಸಿಡೋನಿಯಾದ ಸ್ವಾಯತ್ತತೆಗೆ. 1903ರ ಮೇ ತಿಂಗಳಲ್ಲಿ, ಆಟೊಮನ್ನರ ವಿರುದ್ಧ ಎದ್ದ ಇಲಿಂದೆನ್ ದಂಗೆಗೆ ಮೂರು ತಿಂಗಳು ಮೊದಲು, ಈಗ ಗ್ರೀಸಿಗೆ ಸೇರಿದ ಹಳ್ಳಿಯೊಂದರ ಬಳಿ ಆಟೊಮನ್ ಸೈನಿಕರ ಗುಂಡಿಗೆ ಬಿದ್ದ. ಅವನ ಅಸ್ಥಿಗಳು ಮುಂದೆ ಬಲ್ಗೇರಿಯಾಕ್ಕೆ ಹೋದವು. 1946ರಲ್ಲಿ ಸೋಫಿಯಾದ ಕಮ್ಯುನಿಸ್ಟ್ ಸರ್ಕಾರ ಸೋದರತ್ವದ ಗುರುತಾಗಿ ಅವನ್ನು ಸ್ಕೋಪ್ಯೆಗೆ ಕೊಟ್ಟಿತು. ಇಂದು ಬಲ್ಗೇರಿಯಾದಲ್ಲಿ ಅವನ ಹೆಸರಿನ ಪಟ್ಟಣವಿದೆ. ಉತ್ತರ ಮ್ಯಾಸಿಡೋನಿಯಾದ ರಾಷ್ಟ್ರಗೀತೆಯಲ್ಲಿ ಅವನ ಹೆಸರಿದೆ.

ಸ್ಕೋಪ್ಯೆಯ ಸ್ವೇತಿ ಸ್ಪಾಸ್ ಚರ್ಚಿನ ಅಂಗಳದಲ್ಲಿ ಅವನ ಕಲ್ಲಿನ ಶವಪೆಟ್ಟಿಗೆ ಇದೆ. ಫೆಬ್ರುವರಿ 4 ಅವನ ಹುಟ್ಟಿದ ದಿನ. ಎರಡೂ ದೇಶದವರು ಹೂಮಾಲೆ ತರುತ್ತಾರೆ. 2023ರಲ್ಲಿ ಬಲ್ಗೇರಿಯಾದಿಂದ ಹೊರಟ ಎಷ್ಟೋ ಜನರಿಗೆ ಗಡಿಯನ್ನೇ ದಾಟಲಾಗಲಿಲ್ಲ, ಅಂಗಳದ ಸುತ್ತ ಪೊಲೀಸರ ಬೇಲಿ. ನವೆಂಬರ್ 1ರ ಬೆಳಿಗ್ಗೆ ಚನ್ನಮ್ಮ ವೃತ್ತದ ಕಡೆ ಸಾಗುವ ರಾಜ್ಯೋತ್ಸವದ ಮೆರವಣಿಗೆಯೂ ಕಪ್ಪುಪಟ್ಟಿ ಕಟ್ಟಿಕೊಂಡು ಹೊರಡುವ ಕರಾಳ ದಿನದ ಮೆರವಣಿಗೆಯೂ ಎಲ್ಲೂ ಎದುರುಬದುರಾಗದಂತೆ ನಮ್ಮ ಪೊಲೀಸರು ಹಿಂದಿನ ರಾತ್ರಿಯೇ ಗಲ್ಲಿ ಗಲ್ಲಿಯ ನಕ್ಷೆ ಹಾಕುತ್ತಾರೆ. ಅಲ್ಲಿ ನಕ್ಷೆ ಹಾಕಬೇಕಾಗಿರುವುದು ಒಂದೇ ಒಂದು ಸಮಾಧಿಯ ಸುತ್ತ.